ಅಪ್ಪೆಮಿಡಿ ಉಪ್ಪಿನಕಾಯಿ: ಮಿಡಿ ಆರಿಸುವುದರಿಂದ ಭರಣಿ ಕಟ್ಟುವವರೆಗೆ

ಮಿಡಿ ಉಪ್ಪಿನಕಾಯಿ ಕೆಟ್ಟುಹೋದರೆ ಹೆಚ್ಚಿನವರು ಖಾರವನ್ನು ದೂರುತ್ತಾರೆ. ಮೆಣಸಿನಪುಡಿ ಹಳೆಯದಾಗಿತ್ತು, ಸಾಸಿವೆ ಸಾಲಲಿಲ್ಲ ಎನ್ನುತ್ತಾರೆ. ಆದರೆ ಉಪ್ಪಿನಕಾಯಿಯ ಬಾಳಿಕೆ ತೀರ್ಮಾನವಾಗುವುದು ಖಾರ ಅರೆಯುವುದಕ್ಕೆ ಎರಡು ಮೂರು ವಾರ ಮೊದಲೇ, ಮಿಡಿ ಆರಿಸುವಾಗ ಮತ್ತು ಅದನ್ನು ಉಪ್ಪಿಗೆ ಹಾಕುವಾಗ. ಆ ಎರಡು ಕೆಲಸಗಳಲ್ಲಿ ಎಡವಿದರೆ ಆಮೇಲೆ ಎಷ್ಟು ಸಾಸಿವೆ ಸುರಿದರೂ ಮಿಡಿ ಮೆತ್ತಗಾಗುವುದನ್ನು ತಡೆಯಲಾಗದು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಇಲ್ಲಿರುವ ಅಳತೆ 2 ಕಿಲೋ ಮಿಡಿಗೆ ಹೊಂದುವಂಥದ್ದು. ಎಣ್ಣೆ, ವಿನೆಗರ್, ಅಂಗಡಿಯ ಸಂರಕ್ಷಕ ಪುಡಿ ಯಾವುದೂ ಇಲ್ಲದ, ಉಪ್ಪು, ಸಾಸಿವೆ, ಮೆಣಸಿನಕಾಯಿ, ಅರಿಸಿನಗಳಷ್ಟರಿಂದಲೇ ಆಗುವ ಮಲೆನಾಡಿನ ಕ್ರಮ ಇದು.

ಯಾವ ಮಿಡಿ, ಯಾವಾಗ

ಅಘನಾಶಿನಿ, ಶರಾವತಿ, ಬೇಡ್ತಿ, ಕಾಳಿ ನದಿಗಳ ದಂಡೆಯಲ್ಲೂ ಅವುಗಳಿಗೆ ಸೇರುವ ಹಳ್ಳಗಳ ಅಂಚಿನಲ್ಲೂ ತಾವಾಗಿ ಹುಟ್ಟಿ ಎತ್ತರಕ್ಕೆ ಬೆಳೆದ ಕಾಡುಮಾವಿನ ಮರಗಳಿವೆ. ಇವುಗಳಲ್ಲಿ ಹುಳಿ ತೀಕ್ಷ್ಣವಾಗಿರುವ, ಸೊನೆ ಧಾರಾಳವಾಗಿರುವ, ಸೊನೆಗೆ ತನ್ನದೇ ಆದ ಪರಿಮಳವಿರುವ ಮರಗಳ ಮಿಡಿಯೇ ಅಪ್ಪೆಮಿಡಿ. ಬೀಜದಿಂದ ಹುಟ್ಟಿದ ಮರಗಳಾದ್ದರಿಂದ ಒಂದರ ಮಿಡಿಯಂತೆ ಇನ್ನೊಂದರ ಮಿಡಿ ಇರುವುದಿಲ್ಲ. ಅದಕ್ಕೇ ಹೆಸರಾದ ಮರಗಳನ್ನು ಜನ ಒಂದೊಂದಾಗಿಯೇ ಗುರುತಿಸುತ್ತಾರೆ: ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ಕೆಂಗ್ಲೆಬಿಳೆ ಹೀಗೆ. ಮುರಿದರೆ ಜೀರಿಗೆಯ ಘಮ ಬರುವ ಜೀರಿಗೆ ಮಿಡಿಗೆ ಬೇಡಿಕೆ ಹೆಚ್ಚು. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇಂಥ ಮರಗಳನ್ನು ಗುರುತಿಸಿ ಸಂರಕ್ಷಿಸುವ ಕೆಲಸ ಮಾಡಿದ್ದಾರೆ. ಸಾಗರ, ಶಿರಸಿ ಕಡೆಯ ನರ್ಸರಿಗಳಲ್ಲಿ ಕಸಿ ಗಿಡಗಳೂ ಸಿಗುತ್ತವೆ. ಮನೆಯ ಹಿತ್ತಲಲ್ಲಿ ಜಾಗವಿರುವವರು ಒಂದು ಕಸಿ ಗಿಡ ನೆಡುವುದು ಒಳ್ಳೆಯದು, ಏಕೆಂದರೆ ಎತ್ತರದ ಮರ ಹತ್ತಲಾರದೆ ಕೊಂಬೆಯನ್ನೇ ಕಡಿದು ಮಿಡಿ ಇಳಿಸುವ ಕೆಟ್ಟ ರೂಢಿಯಿಂದ ಕಾಡಿನ ಹಳೆಯ ಮರಗಳು ಸೊರಗುತ್ತಿವೆ.

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಮಿಡಿಯ ಕಾಲ. ರಿಪ್ಪನ್‌ಪೇಟೆ, ಸಾಗರ, ಶಿರಸಿಯ ಪೇಟೆಗಳಲ್ಲಿ ಆಗ ಮಿಡಿ ನೂರರ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಲೆಕ್ಕದಲ್ಲಿ ಕೊಂಡರೂ ಮನೆಗೆ ತಂದ ಮೇಲೆ ತೂಕ ಮಾಡಲೇಬೇಕು. ನೂರು ಸಣ್ಣ ಮಿಡಿಗೂ ನೂರು ದಪ್ಪ ಮಿಡಿಗೂ ಒಂದೇ ಪ್ರಮಾಣದ ಉಪ್ಪು ಹಾಕಲಾಗುವುದಿಲ್ಲ.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆ ಮೂರು. ಮೊದಲನೆಯದಾಗಿ, ಒಂದು ಮಿಡಿಯನ್ನು ಅಡ್ಡಲಾಗಿ ಚಾಕುವಿನಿಂದ ಕತ್ತರಿಸಿ ನೋಡಿ. ಗೊರಟಿನ ಭಾಗ ಎಲ್ಲೂ ತಡೆಯದೆ ಕತ್ತರಿಸಿಕೊಂಡು ಬಂದರೆ ಹದವಾಗಿದೆ. ಚಾಕು ನಡುವೆ ಎಡವಿದರೆ ಗೊರಟು ಬಲಿತಿದೆ, ಅಂಥದ್ದು ಹೆಚ್ಚಿ ಹಾಕುವ ಉಪ್ಪಿನಕಾಯಿಗೆ ಸರಿ, ಇಡಿಮಿಡಿಗೆ ಅಲ್ಲ. ಎರಡನೆಯದಾಗಿ, ತೊಟ್ಟು ಮುರಿದು ಸೊನೆಯನ್ನು ಮೂಸಿ ನೋಡಿ. ಘಮ ಇಲ್ಲದ ಮಿಡಿಗೆ ಉಪ್ಪು ಖಾರ ಯಾವುದೂ ಘಮ ಕೊಡಲಾರವು. ಸೊನೆ ಚರ್ಮವನ್ನು ಸುಡುವಂಥದ್ದು, ಮುಖಕ್ಕೆ ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ಮೂರನೆಯದಾಗಿ, ರಾಶಿಯಲ್ಲಿ ತೊಟ್ಟಿರುವ ಮಿಡಿ ಎಷ್ಟು, ಇಲ್ಲದವು ಎಷ್ಟು ಎಂದು ನೋಡಿ. ತೊಟ್ಟು ಹೆಚ್ಚಿನವುಗಳಲ್ಲಿ ಉಳಿದಿದ್ದರೆ ಅದು ಬುಟ್ಟಿ, ಬಲೆಗಳಲ್ಲಿ ಇಳಿಸಿದ ಮಿಡಿ. ತೊಟ್ಟಿಲ್ಲದವೇ ಹೆಚ್ಚಿದ್ದರೆ ಮರ ಅಲ್ಲಾಡಿಸಿ ಉದುರಿಸಿ ಆಯ್ದದ್ದು. ನೆಲಕ್ಕೆ ಬಿದ್ದ ಮಿಡಿಯ ಪೆಟ್ಟು ಅಂದೇ ಕಾಣುವುದಿಲ್ಲ, ಉಪ್ಪಿನಲ್ಲಿ ಹತ್ತು ದಿನ ಕಳೆದ ಮೇಲೆ ಆ ಜಾಗ ಕಪ್ಪಾಗಿ ಕುಗ್ಗುತ್ತದೆ, ಜೊತೆಗಿರುವವನ್ನೂ ಕೆಡಿಸುತ್ತದೆ.

ಮಿಡಿ ಶುಚಿ ಮಾಡುವುದು

ಮಿಡಿಯನ್ನು ತಂದ ದಿನವೇ ಉಪ್ಪಿಗೆ ಹಾಕಬೇಕು, ತಪ್ಪಿದರೆ ಮರುದಿನ ಬೆಳಿಗ್ಗೆ. ಅದಕ್ಕಿಂತ ತಡವಾದರೆ ಮಿಡಿ ಬಾಡಿ ಗರಿಮುರಿತನ ಹೋಗುತ್ತದೆ. ತೊಟ್ಟನ್ನು ಸುಮಾರು ಒಂದು ಸೆಂಟಿಮೀಟರ್ ಉಳಿಸಿ ಕತ್ತರಿಯಿಂದ ಕತ್ತರಿಸಿ. ಪೂರ್ತಿ ಕಿತ್ತರೆ ಸೊನೆ ಹೊರಗೆ ಹರಿದುಹೋಗುತ್ತದೆ, ತೊಟ್ಟಿನ ಬುಡದ ಗಾಯದಿಂದ ಕೊಳೆಯೂ ಒಳಹೊಗುತ್ತದೆ. ಕಪ್ಪು ಚುಕ್ಕೆ, ಸೀಳು, ಹುಳ ಕೊರೆದ ಗುರುತು ಇರುವುದನ್ನೆಲ್ಲ ಬೇರೆಯಾಗಿ ತೆಗೆಯಿರಿ. ಅವನ್ನು ಎಸೆಯಬೇಕಾಗಿಲ್ಲ, ಚೆನ್ನಾಗಿರುವ ಭಾಗವನ್ನು ಹೆಚ್ಚಿಕೊಂಡರೆ ಅಂದಿನ ಅಪ್ಪೆಹುಳಿಗೋ ಚಟ್ನಿಗೋ ಆಗುತ್ತದೆ.

ಉಳಿದ ಮಿಡಿಯನ್ನು ಎರಡು ನೀರಿನಲ್ಲಿ ಮೃದುವಾಗಿ ತೊಳೆದು, ನೆರಳಿನಲ್ಲಿ ಹತ್ತಿಯ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ತೊಟ್ಟಿನ ಸುತ್ತಲೂ ಪಸೆ ಇಲ್ಲದಂತೆ ಒಂದೊಂದನ್ನೇ ಒರೆಸಬೇಕು. ಬಿಸಿಲಿಗೆ ಹಾಕುವುದು ಬೇಡ. ಈ ಒರೆಸುವ ಕೆಲಸಕ್ಕೆ ಮನೆಯಲ್ಲಿ ಇರುವವರೆಲ್ಲ ಕುಳಿತರೆ ಬೇಗ ಮುಗಿಯುತ್ತದೆ. ಒಬ್ಬರೇ ಮಾಡುವುದಾದರೆ ಅವಸರ ಮಾಡದೆ ಸಂಜೆಯ ಹೊತ್ತನ್ನು ಇದಕ್ಕೇ ಇಟ್ಟುಕೊಳ್ಳಿ.

ಭರಣಿ

ಚೀನಿ ಮಣ್ಣಿನ ಭರಣಿ ಅಥವಾ ದಪ್ಪ ಗಾಜಿನ ಜಾಡಿ ಎರಡೇ ಇದಕ್ಕೆ ಸಲ್ಲುತ್ತವೆ. ಹುಳಿ ಮತ್ತು ಉಪ್ಪು ಸೇರಿದರೆ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಕರಗಿ ವಿಷವಾಗುತ್ತವೆ. ಸ್ಟೀಲ್ ಡಬ್ಬಿಯನ್ನೂ ಉಪ್ಪು ದಿನಕಳೆದಂತೆ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಅಜ್ಜಿಯ ಕಾಲದ ಭರಣಿಯಾದರೆ ಒಳಗಿನ ಮೆರುಗನ್ನು ಬೆಳಕಿಗೆ ಹಿಡಿದು ನೋಡಿ, ಬಿರುಕು ಬಿಟ್ಟಿದ್ದರೆ ಅದನ್ನು ಕಾಳು ತುಂಬಲು ಬಳಸಿ, ಉಪ್ಪಿನಕಾಯಿಗೆ ಬೇಡ. ಬಿಸಿನೀರಿನಲ್ಲಿ ತೊಳೆದ ಭರಣಿಯನ್ನು ದಿನವಿಡೀ ಬಿಸಿಲಿನಲ್ಲಿ ಕವುಚಿ ಒಣಗಿಸಬೇಕು. ಕೆಂಡದ ಮೇಲೆ ಚಿಟಿಕೆ ಇಂಗು ಉದುರಿಸಿ ಭರಣಿಯನ್ನು ಅದರ ಮೇಲೆ ಕವುಚಿ ಹೊಗೆ ಹಿಡಿಸುವ ರೂಢಿ ಹಲವು ಮನೆಗಳಲ್ಲಿದೆ. ಜೀರಿಗೆ ಮಿಡಿಗೆ ನಾನು ಅದನ್ನು ಮಾಡುವುದಿಲ್ಲ, ಇಂಗಿನ ವಾಸನೆ ಮಿಡಿಯ ವಾಸನೆಯನ್ನು ಮುಚ್ಚಿಬಿಡುತ್ತದೆ.

ಉಪ್ಪಿಗೆ ಹಾಕುವುದು

2 ಕಿಲೋ ಮಿಡಿಗೆ 500 ಗ್ರಾಂ ಹರಳುಪ್ಪು ಬೇಕು. ಇದು ಮಿಡಿಯ ತೂಕದ ಕಾಲುಭಾಗ; ಮಿಡಿ ಮತ್ತು ಉಪ್ಪು ಸೇರಿದ ಒಟ್ಟು ತೂಕದಲ್ಲಿ ಐದನೆಯ ಒಂದು ಭಾಗ. ಆರೋಗ್ಯದ ದೃಷ್ಟಿಯಿಂದ ಉಪ್ಪು ಕಡಿಮೆ ಮಾಡಬೇಕೆನ್ನುವವರು ಉಪ್ಪಿನಕಾಯಿಯನ್ನು ಕಡಿಮೆ ತಿನ್ನಲಿ, ಭರಣಿಯಲ್ಲಿ ಉಪ್ಪು ಕಡಿಮೆ ಮಾಡುವುದು ಬೇಡ. ಕೊಳೆ ತರುವ ಸೂಕ್ಷ್ಮಜೀವಿಗಳು ಬದುಕಲು ನೀರು ಬೇಕು. ಉಪ್ಪು ಆ ನೀರನ್ನು ಮಿಡಿಯಿಂದ ಹೊರಗೆಳೆದು ತನ್ನ ಹಿಡಿತದಲ್ಲಿಟ್ಟುಕೊಳ್ಳುತ್ತದೆ. ಮಾವಿನ ಹುಳಿ ಅದಕ್ಕೆ ಜೊತೆಯಾಗುತ್ತದೆ. ಅತ್ಯಂತ ಅಪಾಯಕಾರಿಯಾದ ಬಾಟ್ಯುಲಿಸಂ ವಿಷ ತಯಾರಿಸುವ ಬ್ಯಾಕ್ಟೀರಿಯಾ ಪಿಎಚ್ 4.6ಕ್ಕಿಂತ ಕೆಳಗೆ, ಅಂದರೆ ಅದಕ್ಕಿಂತ ಹೆಚ್ಚು ಹುಳಿಯಿರುವ ಕಡೆ, ಬೆಳೆಯಲಾರದು. ಹಸಿ ಮಾವಿನ ಮಿಡಿ ಆ ಗೆರೆಗಿಂತ ಬಹಳ ಕೆಳಗಿರುತ್ತದೆ. ಎಣ್ಣೆಯಿಲ್ಲದೆಯೂ ಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ನಿಲ್ಲುವುದು ಇದೇ ಕಾರಣಕ್ಕೆ.

ಹರಳುಪ್ಪನ್ನೇ ಏಕೆ ಹೇಳುತ್ತೇನೆಂದರೆ, ಪುಡಿ ಉಪ್ಪಿಗೆ ಉಂಡೆಗಟ್ಟದಂತೆ ಬೆರೆಸಿದ ಪದಾರ್ಥಗಳು ಉಪ್ಪುನೀರನ್ನು ಕದಡಿಸುತ್ತವೆ; ಹರಳು ನಿಧಾನವಾಗಿ ಕರಗುವುದರಿಂದ ಮಿಡಿ ಒಮ್ಮೆಗೇ ಆಘಾತಗೊಂಡು ಮುದುಡುವುದಿಲ್ಲ. ಹರಳುಪ್ಪಿನಲ್ಲಿ ಮಣ್ಣು, ತೇವ ಇದ್ದರೆ ಬಾಣಲೆಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿದು, ಪೂರ್ತಿ ಆರಿಸಿಕೊಳ್ಳಿ. ತೂಕ ಮಾಡಬೇಕಾದ್ದು ಹುರಿದ ಮೇಲೆ.

ಭರಣಿಯ ತಳಕ್ಕೆ ಒಂದು ಹಿಡಿ ಉಪ್ಪು, ಅದರ ಮೇಲೆ ಒಂದು ಪದರ ಮಿಡಿ, ಮತ್ತೆ ಉಪ್ಪು, ಹೀಗೆ ತುಂಬುತ್ತಾ ಹೋಗಿ. ಕೆಳಗೆ ಕಡಿಮೆ, ಮೇಲಕ್ಕೆ ಹೋದಂತೆ ಹೆಚ್ಚು ಉಪ್ಪು ಬೀಳಬೇಕು. ಕರಗಿದ ಉಪ್ಪು ಹೇಗೂ ಕೆಳಗಿಳಿಯುತ್ತದೆ, ಗಾಳಿಗೆ ತೆರೆದಿರುವ ಮೇಲಿನ ಪದರಕ್ಕೇ ರಕ್ಷಣೆ ಹೆಚ್ಚು ಬೇಕಾದ್ದು. ಕೊನೆಯ ಪದರ ಉಪ್ಪಿನದೇ ಆಗಿರಲಿ. ಅದರ ಮೇಲೆ ಚೀನಿ ಮಣ್ಣಿನ ಚಿಕ್ಕ ತಟ್ಟೆ ಕವುಚಿ, ತೊಳೆದು ಒಣಗಿಸಿದ ನುಣುಪುಗಲ್ಲನ್ನು ಭಾರವಾಗಿ ಇಡಿ. ಭರಣಿಯ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ ಮುಚ್ಚಳ ಇಡಬೇಕು. ಈ ಹಂತದಲ್ಲಿ ಗಾಳಿಯಾಡದಂತೆ ತಿರುಪು ಮುಚ್ಚಳವನ್ನು ಬಿಗಿಯುವುದು ಸಲ್ಲದು. ಮೊದಲ ದಿನಗಳಲ್ಲಿ ಸ್ವಲ್ಪ ಹುದುಗು ಬಂದು ಅನಿಲ ಏಳುತ್ತದೆ, ಅದಕ್ಕೆ ಹೊರಹೋಗಲು ದಾರಿ ಬೇಕು.

ಎರಡನೆಯ ದಿನ ತಳದಲ್ಲಿ ನೀರು ಕಾಣಿಸಿಕೊಳ್ಳುತ್ತದೆ. ಮೂರು ನಾಲ್ಕು ದಿನಗಳಲ್ಲಿ ಅದು ಮಿಡಿಯನ್ನು ಮುಳುಗಿಸಬೇಕು. ದಿನಕ್ಕೊಮ್ಮೆ, ಒಣಗಿದ ಮರದ ಸೌಟಿನಿಂದ ಬುಡದ ಉಪ್ಪು ಮೇಲೆ ಬರುವಂತೆ ಮೆಲ್ಲಗೆ ತಿರುವಿಹಾಕಿ ಮತ್ತೆ ಭಾರ ಇಡಿ. ಐದನೆಯ ದಿನಕ್ಕೂ ಮೇಲಿನ ಮಿಡಿ ಮುಳುಗದಿದ್ದರೆ 1 ಲೀಟರ್ ನೀರಿಗೆ 350 ಗ್ರಾಂ ಉಪ್ಪಿನಂತೆ ಕುದಿಸಿ ತಣ್ಣಗಾಗಿಸಿದ ಉಪ್ಪುನೀರನ್ನು ಮುಳುಗುವಷ್ಟು ಸೇರಿಸಿ. ಆರಿದ ನೀರು ಅದಕ್ಕಿಂತ ಹೆಚ್ಚು ಉಪ್ಪನ್ನು ಕರಗಿಸಿಕೊಳ್ಳಲಾರದು. ಹಸಿ ನೀರನ್ನಂತೂ ಒಂದು ಹನಿಯೂ ಹಾಕಬಾರದು.

ಎರಡರಿಂದ ಮೂರು ವಾರಕ್ಕೆ ಮಿಡಿ ಹದಕ್ಕೆ ಬರುತ್ತದೆ. ಹದ ಬಂದ ಮಿಡಿ ಹೇಗಿರುತ್ತದೆ ಎಂಬುದನ್ನು ಸರಿಯಾಗಿ ತಿಳಿದಿರಬೇಕು. ಹೊಳೆಯುವ ಹಸಿರು ಬಣ್ಣ ಹೋಗಿ ಎಣ್ಣೆಗಂದು ಬಣ್ಣಕ್ಕೆ ತಿರುಗಿರುತ್ತದೆ. ತೊಟ್ಟಿನಿಂದ ತುದಿಯವರೆಗೆ ಉದ್ದುದ್ದ ನಿರಿಗೆಗಳು ಬಿದ್ದಿರುತ್ತವೆ. ಎರಡು ಬೆರಳಿನಲ್ಲಿ ಒತ್ತಿದರೆ ಬಗ್ಗುತ್ತದೆ, ಒಡೆಯುವುದಿಲ್ಲ. ಕಚ್ಚಿದಾಗ ಕಟಕ್ ಎನ್ನಬೇಕು, ನಡುವೆ ಹಸಿ ಬಿಳುಪು ಉಳಿದಿರಬಾರದು. ಉಳಿದಿದ್ದರೆ ಇನ್ನೂ ನಾಲ್ಕು ದಿನ ಬಿಡಿ. ನೀರಿನ ಮೇಲೆ ಸೊನೆಯ ತೆಳುವಾದ ಎಣ್ಣೆಪದರ ತೇಲುವುದು ಒಳ್ಳೆಯ ಲಕ್ಷಣ, ಅದನ್ನು ಬೂಷ್ಟೆಂದು ತಿಳಿದು ತೆಗೆದುಹಾಕಬೇಡಿ.

ಉಪ್ಪುನೀರು ಕಾಯಿಸಿ ಆರಿಸುವುದು

ಮಿಡಿಯನ್ನು ಒಣ ಸೌಟಿನಲ್ಲಿ ಎತ್ತಿ ಬಟ್ಟೆಯ ಮೇಲೆ ನೀರು ಬಸಿಯಲು ಬಿಡಿ. ಮೆತ್ತಗಾದದ್ದು ಕಂಡರೆ ಈಗಲೇ ತೆಗೆಯಬೇಕು. ಭರಣಿಯಲ್ಲಿ ಉಳಿದ ಉಪ್ಪುನೀರನ್ನು ಬಟ್ಟೆಯಲ್ಲಿ ಸೋಸಿ, ಗಾಜಿನ ಅಥವಾ ಎನಾಮಲ್ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ಮೇಲೇಳುವ ನೊರೆಯನ್ನು ತೆಗೆಯುತ್ತಿರಿ. ಕುದಿಸುವಷ್ಟು ಹೊತ್ತಿಗೆ ಸ್ಟೀಲ್ ಪಾತ್ರೆಯಾದರೂ ನಡೆದೀತು, ಇಳಿಸಿದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿಬಿಡಿ. ಆಮೇಲೆ ಮುಚ್ಚಿಟ್ಟು ಇಡೀ ರಾತ್ರಿ ಆರಲು ಬಿಡಬೇಕು. ಬೆಳಿಗ್ಗೆ ತಳದಲ್ಲಿ ಮಡ್ಡಿ ಕೂತಿರುತ್ತದೆ, ಮೇಲಿನ ತಿಳಿಯನ್ನಷ್ಟೇ ಬಳಸಿ.

ಆರಿಸುವುದರಲ್ಲಿ ರಾಜಿ ಮಾಡಿಕೊಳ್ಳಬಾರದು. ಸಾಸಿವೆಯ ಘಾಟು ಕಾಳಿನೊಳಗೆ ಸಿದ್ಧವಾಗಿ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರಲ್ಲೇ ಇರುವ ಒಂದು ಕಿಣ್ವ ಕೆಲಸಕ್ಕೆ ತೊಡಗಿ ಘಾಟನ್ನು ಹುಟ್ಟಿಸುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಸತ್ತುಹೋಗುತ್ತದೆ. ಬಿಸಿ ಉಪ್ಪುನೀರಿನಲ್ಲಿ ಅರೆದ, ಇಲ್ಲವೇ ಕಪ್ಪಗೆ ಹುರಿದ ಸಾಸಿವೆ ಕಹಿಯಾಗಿ ಸಪ್ಪೆಯಾಗುವುದು ಇದರಿಂದಲೇ. ಈ ಘಾಟು ರುಚಿಗಷ್ಟೇ ಅಲ್ಲ, ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣವೂ ಅದಕ್ಕಿದೆ.

ಖಾರ ಅರೆಯುವುದು

2 ಕಿಲೋ ಮಿಡಿಗೆ 200 ಗ್ರಾಂ ಒಣಮೆಣಸಿನಕಾಯಿ, 150 ಗ್ರಾಂ ಸಾಸಿವೆ, 20 ಗ್ರಾಂ ಅರಿಸಿನಪುಡಿ, 50 ಗ್ರಾಂ ಹುರಿದ ಉಪ್ಪು ಸಾಕು. ಮೆಣಸಿನಕಾಯಿಯಲ್ಲಿ ಮುಕ್ಕಾಲು ಪಾಲು ಬ್ಯಾಡಗಿ, ಕಾಲು ಪಾಲು ಗುಂಟೂರು ಇರಲಿ; ಬ್ಯಾಡಗಿಯಿಂದ ಬಣ್ಣ, ಗುಂಟೂರಿನಿಂದ ಖಾರ. ಸಾಸಿವೆ ಸಣ್ಣ ಕಾಳಿನದು ಒಳ್ಳೆಯದು. ಮೆಂತ್ಯ, ಇಂಗು, ಕಾಳುಮೆಣಸು, ಜೀರಿಗೆ ಹಾಕುವ ಮನೆಗಳಿವೆ. ಘಮವಿಲ್ಲದ ಸಾದಾ ಮಿಡಿಗೆ ಅವು ಬೇಕಾಗಬಹುದು. ಒಳ್ಳೆಯ ಅಪ್ಪೆಮಿಡಿಗೆ ಅವುಗಳನ್ನು ಹಾಕುವುದು ಮಿಡಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಮೆಣಸಿನಕಾಯಿಯ ತೊಟ್ಟು ತೆಗೆದು, ಎರಡು ದಿನ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ನುಣ್ಣಗೆ ಪುಡಿ ಮಾಡಿ. ಸಾಸಿವೆಯನ್ನೂ ಒಂದು ದಿನ ಬಿಸಿಲಿಗೆ ಹಾಕಿ ಒಣಪುಡಿ ಮಾಡಿಕೊಳ್ಳಿ. ನಂತರ ಎರಡನ್ನೂ ಅರಿಸಿನ, ಉಪ್ಪುಗಳೊಂದಿಗೆ ಸೇರಿಸಿ, ಆರಿದ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ದೋಸೆ ಹಿಟ್ಟಿನ ಹದಕ್ಕೆ ಅರೆಯಿರಿ. ಮಿಕ್ಸಿಯಲ್ಲಿ ಅರೆಯುವವರು ನಡುನಡುವೆ ನಿಲ್ಲಿಸಬೇಕು, ಜಾರ್ ಬಿಸಿಯಾದರೆ ಮೇಲೆ ಹೇಳಿದ ನಷ್ಟವೇ ಆಗುತ್ತದೆ. ಅರೆದು ಹತ್ತು ನಿಮಿಷ ಬಿಟ್ಟು ಪಾತ್ರೆಯ ಮುಚ್ಚಳ ತೆಗೆದು ಮೂಸಿದರೆ ಘಾಟು ಮೂಗಿಗೆ ಏರಿ ಕಣ್ಣಲ್ಲಿ ನೀರು ಬರಬೇಕು. ಬಾರದಿದ್ದರೆ ಸಾಸಿವೆ ಹಳೆಯದು. ಇನ್ನೂ 50 ಗ್ರಾಂ ಹೊಸ ಸಾಸಿವೆ ತಂದು ಅರೆದು ಸೇರಿಸಿ.

ಬೆರೆಸಿ ತುಂಬುವುದು

ಬಸಿದ ಮಿಡಿಗೆ ಈ ಖಾರ ಹಾಕಿ, ಮರದ ಸೌಟಿನಲ್ಲಿ ಪ್ರತಿ ಮಿಡಿಗೂ ಹತ್ತುವಂತೆ ಕೆಳಗಿನಿಂದ ಮೇಲಕ್ಕೆ ಮಗುಚಿ. ಕೈಯಲ್ಲಿ ಕಲಸುವುದಾದರೆ ಕೈ ಪೂರ್ತಿ ಒಣಗಿರಬೇಕು. ಮತ್ತೆ ತೊಳೆದು ಒಣಗಿಸಿದ ಭರಣಿಗೆ ತುಂಬಿ, ನಡುವೆ ಗಾಳಿ ಉಳಿಯದಂತೆ ಸೌಟಿನ ಹಿಂಬದಿಯಿಂದ ಮೆಲ್ಲಗೆ ಒತ್ತಿ. ಮಿಡಿಯ ಮೇಲೆ ಎರಡು ಬೆರಳು ಎತ್ತರಕ್ಕೆ ಖಾರದ ರಸ ನಿಲ್ಲಬೇಕು. ಸಾಲದಿದ್ದರೆ ಮಿಕ್ಕ ತಿಳಿ ಉಪ್ಪುನೀರನ್ನು ಸೇರಿಸಿ. ಬಾಯಿಯ ಒಳಅಂಚನ್ನು ಒಣಬಟ್ಟೆಯಿಂದ ಒರೆಸಿ, ಮೇಲೆ ತೆಳ್ಳಗೆ ಹುರಿದ ಉಪ್ಪು ಹರಡಿ, ಬಟ್ಟೆ ಕಟ್ಟಿ ಮುಚ್ಚಿ. ಒಲೆಯ ಹತ್ತಿರ ಬೇಡ. ಬಿಸಿಲು ಬೀಳದ, ನೆಲ ತಂಪಾಗಿರುವ ಮೂಲೆ ಹಿತ.

ಮೊದಲ ವಾರದಲ್ಲಿ ಎರಡು ಸಲ ತಿರುವಿಹಾಕಿ. ಒಂದು ತಿಂಗಳಾದ ಮೇಲೆ ತಿನ್ನಲು ತೆಗೆಯಬಹುದು, ಆದರೆ ಮಳೆಗಾಲ ಕಳೆದ ಮೇಲಿನ ರುಚಿಯೇ ಬೇರೆ. ದೊಡ್ಡ ಭರಣಿಯನ್ನು ದಿನವೂ ತೆರೆಯಬಾರದು. ತಿಂಗಳಿಗೆ ಬೇಕಾಗುವಷ್ಟನ್ನು ಚಿಕ್ಕ ಗಾಜಿನ ಜಾಡಿಗೆ ತೆಗೆದುಕೊಂಡು, ಉಳಿದ ಮಿಡಿ ಮತ್ತೆ ರಸದಲ್ಲಿ ಮುಳುಗಿದೆಯೇ ಎಂದು ನೋಡಿ ಮುಚ್ಚಿಬಿಡಿ.

ಕೆಡುವ ಲಕ್ಷಣ ಮತ್ತು ಪರಿಹಾರ

ಉಪ್ಪಿನ ಹಂತದಲ್ಲಿ ನೀರಿನ ಮೇಲೆ ಬಿಳಿಯ ತೆಳು ಪೊರೆ ಕಂಡು, ವಾಸನೆ ಕೆಟ್ಟಿಲ್ಲದಿದ್ದರೆ ಅದು ಯೀಸ್ಟ್. ಪೊರೆಯನ್ನು ತೆಗೆದು, ನೀರನ್ನು ಸೋಸಿ ಕುದಿಸಿ ಆರಿಸಿ, 50 ಗ್ರಾಂ ಉಪ್ಪು ಹೆಚ್ಚಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ಕೂದಲೆಳೆಯಂಥ ಹಸಿರು, ಕಪ್ಪು ಬೂಷ್ಟು ಬಂದರೆ, ಲೋಳೆ ಎಳೆಯಾದರೆ ಅಥವಾ ಕೊಳೆತ ವಾಸನೆ ಬಂದರೆ ಮೇಲಿನ ಭಾಗ ತೆಗೆದು ಉಳಿದದ್ದನ್ನು ತಿನ್ನುವ ಯೋಚನೆ ಬೇಡ, ಪೂರ್ತಿ ಚೆಲ್ಲಬೇಕು. ಒಂದೆರಡು ಮಿಡಿ ಮಾತ್ರ ಮೆತ್ತಗಾಗಿದ್ದರೆ ಅದು ಪೆಟ್ಟಿನ ಮಿಡಿ. ಎಲ್ಲವೂ ಮೆತ್ತಗಾಗಿದ್ದರೆ ಉಪ್ಪು ಸಾಲಲಿಲ್ಲ ಅಥವಾ ನೀರು ಸೇರಿತು ಎಂದರ್ಥ.

ಬೇರೆ ಕಾಯಿಗಳಿಗೆ ಈ ಕ್ರಮ

ಕವಳಿಕಾಯಿ, ಎಳೆಯ ಅಮಟೆಕಾಯಿ, ನೆಲ್ಲಿಕಾಯಿಗಳು ಹುಳಿಯಿರುವ ಕಾಯಿಗಳಾದ್ದರಿಂದ ಇದೇ ಕ್ರಮ ಒಪ್ಪುತ್ತದೆ, ಉಪ್ಪಿನಲ್ಲಿಡುವ ಅವಧಿ ಮಾತ್ರ ಕಡಿಮೆ ಸಾಕು. ಕಳಲೆಗೆ ಹಾಗಲ್ಲ. ಅದರಲ್ಲಿ ಹುಳಿಯಿಲ್ಲ, ಹಸಿಯಾಗಿದ್ದಾಗ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಹೆಚ್ಚಿ, ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿದ ಮೇಲೆಯೇ ಅದನ್ನು ಬಳಸಬೇಕು. ಹುಳಿಯಿಲ್ಲದ ತರಕಾರಿಯನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿ ಕುದಿಸಿ ಮುಚ್ಚಿಡುವ ಕ್ಯಾನಿಂಗ್ ಪದ್ಧತಿಯನ್ನು ವಿದೇಶದಲ್ಲಿರುವ ಕನ್ನಡಿಗರು ಕೆಲವರು ಕೇಳುತ್ತಾರೆ. ಅದು ಸುರಕ್ಷಿತವಲ್ಲ. ಬಾಟ್ಯುಲಿಸಂ ಬೀಜಾಣುಗಳನ್ನು ಕೊಲ್ಲಲು 116ರಿಂದ 121 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಂತೂ ಅದು 97 ಡಿಗ್ರಿಗೇ ಕುದಿಯುತ್ತದೆ. ಅಂಥ ತರಕಾರಿಗೆ ಒತ್ತಡದ ಕ್ಯಾನರ್ ಬೇಕು, ಅಮೆರಿಕದ ಕೃಷಿ ಇಲಾಖೆಯ ಮನೆ ಕ್ಯಾನಿಂಗ್ ಮಾರ್ಗದರ್ಶಿಯಲ್ಲಿರುವ ಸಮಯ ಮತ್ತು ಒತ್ತಡವನ್ನು ಚಾಚೂ ತಪ್ಪದೆ ಪಾಲಿಸಬೇಕು.

ಹಳೆಯ ಅಡುಗೆ ಪುಸ್ತಕವನ್ನು ಓದುವ ಬಗೆ

ಕನ್ನಡದಲ್ಲಿ ಅಡುಗೆಯ ಬರವಣಿಗೆಗೆ ದೀರ್ಘ ಪರಂಪರೆಯಿದೆ. 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆಂದೇ ಒಂದು ಅಧ್ಯಾಯವಿದೆ. ಮಿಡಿಯ ಸೀಮೆಯಾದ ಸಾಗರ ತಾಲ್ಲೂಕಿನ ಕೆಳದಿಯ ಅರಸು ಬಸವಪ್ಪನಾಯಕ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲೂ ಪಾಕಶಾಸ್ತ್ರಕ್ಕೆ ಜಾಗ ಸಿಕ್ಕಿದೆ. ಆದರೆ ಉಪ್ಪಿನಕಾಯಿ ಹಾಕುವವರಿಗೆ ನಿಜಕ್ಕೂ ಕೈಗೆ ಒದಗುವುದು ಮನೆಯ ಹಿರಿಯರು ಬರೆದಿಟ್ಟ ನೋಟುಪುಸ್ತಕ. ಅದನ್ನು ಕಳೆದುಕೊಳ್ಳಬೇಡಿ, ಆದರೆ ಅದರ ಅಳತೆಯನ್ನು ಹಾಗೆಯೇ ನಂಬಿ ಉಪ್ಪು ಸುರಿಯಲೂ ಬೇಡಿ.

ದಶಮಾಂಶ ಅಳತೆ ಬರುವುದಕ್ಕೆ ಮುಂಚಿನವರು ‘ಸೇರು’ ಎಂದು ಬರೆದಿದ್ದರೆ ಅದು ತೂಕದ ಸೇರೋ ಅಳತೆಯ ಸೇರೋ ಎಂಬುದು ಮೊದಲ ಪ್ರಶ್ನೆ. ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರಿಗೆ 24 ತೊಲ, ಅಂದರೆ ಸುಮಾರು 280 ಗ್ರಾಂ. ಪಕ್ಕಾ ಸೇರಿಗೆ 80 ತೊಲ, ಅಂದರೆ ಸುಮಾರು 933 ಗ್ರಾಂ. ಒಂದೇ ಹೆಸರಿನ ಎರಡು ತೂಕಗಳ ನಡುವೆ ಮೂರು ಪಟ್ಟಿಗಿಂತ ಹೆಚ್ಚು ಅಂತರ. ಪಾವು, ಲೋಟ, ಬಟ್ಟಲುಗಳ ಲೆಕ್ಕವಿದ್ದರೆ ಮನೆಯಲ್ಲಿ ಉಳಿದಿರುವ ಅದೇ ಪಾವನ್ನು ಹುಡುಕಿ, ಅದರಲ್ಲಿ ಹರಳುಪ್ಪು ತುಂಬಿ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಮನ್ನು ಪುಸ್ತಕದ ಅಂಚಿನಲ್ಲಿ ಬರೆದುಬಿಡಿ. ಪುಡಿ ಉಪ್ಪಿನಲ್ಲಿ ತೂಗಬೇಡಿ, ಅದೇ ಪಾವಿಗೆ ಅದು ಹೆಚ್ಚು ತೂಗುತ್ತದೆ. ಆಮೇಲೆ ಉಪ್ಪಿನ ತೂಕವನ್ನು ಮಿಡಿಯ ತೂಕದೊಂದಿಗೆ ಹೋಲಿಸಿ: ಐದನೆಯ ಒಂದು ಭಾಗಕ್ಕಿಂತ ಕಡಿಮೆ ಬಂದರೆ ಆ ಲೆಕ್ಕವನ್ನು ಅನುಸರಿಸಬೇಡಿ. ಅಂಗಡಿಯಲ್ಲಿ ಹೊಸ ಪುಸ್ತಕ ಕೊಳ್ಳುವಾಗಲೂ ಇದೇ ಮಾನದಂಡ. ಕಾಯಿಯ ತೂಕ ಹೇಳದೆ ‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ಬರೆದಿರುವ ಉಪ್ಪಿನಕಾಯಿ ಪಾಕ ಹತ್ತು ದಿನದಲ್ಲಿ ತಿಂದು ಮುಗಿಸುವುದಕ್ಕಷ್ಟೇ ಸರಿ.

ನೀವು ಈ ವರ್ಷ ಹಾಕಿದ್ದನ್ನೂ ಅದೇ ನೋಟುಪುಸ್ತಕದಲ್ಲಿ ದಾಖಲಿಸಿ: ಉಪ್ಪಿಗೆ ಹಾಕಿದ ತಾರೀಖು, ಮಿಡಿ ಮತ್ತು ಉಪ್ಪಿನ ತೂಕ, ಖಾರ ಅರೆದ ದಿನ, ಸಾಸಿವೆ ಎಲ್ಲಿಯದು. ಮಿಡಿ ಯಾವ ಊರಿನ ಯಾವ ಮರದ್ದೆಂದು ಮಾರಿದವರನ್ನು ಕೇಳಿ ಅದನ್ನೂ ಸೇರಿಸಿ. ಮಿಡಿ ಹೇಗೆ ನಿಂತಿತೆಂಬುದನ್ನು ಮಳೆಗಾಲ ಮುಗಿದ ಮೇಲೆ ಅದರ ಪಕ್ಕದಲ್ಲೇ ಬರೆದರೆ, ಮುಂದಿನ ಮಾರ್ಚ್‌ನಲ್ಲಿ ಯಾವ ಮರದ ಮಿಡಿ ತರಿಸಬೇಕು, ಯಾವುದು ಬೇಡ ಎಂದು ಮೊದಲೇ ಹೇಳಿಡಬಹುದು.